ಪಕ್ಕದ ಹಾಸಿಗೆಯ ಉಸಿರು

ಸ್ಟೀಲ್ ಲೋಟ ಕಟ್ಟೆಯ ಅಂಚಿನಲ್ಲಿರುವುದನ್ನು ಕಂಡರೆ ನನಗೆ ಇವತ್ತಿಗೂ ಭಯ. ಯಾರ ಮನೆಗೆ ಹೋದರೂ ಮೊದಲು ಅದನ್ನು ಒಳಕ್ಕೆ ಸರಿಸಿ ಆಮೇಲೆ ಕೂರುತ್ತೇನೆ. ಮನೆಯವರು ನಗುತ್ತಾರೆ, ಇದೆಂಥ ಮಡಿ ಎಂದು ಕೇಳುತ್ತಾರೆ. ನಗಲಿ ಬಿಡಿ. ಲೋಟ ಬೀಳುವ ಸದ್ದಿಗೆ ಒಬ್ಬ ಗಂಡಸು ಸಾಯಬಹುದು ಎನ್ನುವುದು ಅವರಿಗೆ ಗೊತ್ತಿಲ್ಲ.

ಹಾಗಂತ ನಾನೇನು ಸದ್ದಿಲ್ಲದ ಜಾಗದಲ್ಲಿ ಹುಟ್ಟಿ ಬೆಳೆದವನಲ್ಲ. ಟ್ರಾನ್ಸಿಸ್ಟರ್ ಇದ್ದವನೇ ಊರಿಗೆ ದೊಡ್ಡ ಮನುಷ್ಯನಾಗಿದ್ದ ಕಾಲದಲ್ಲಿ ನಾನು ಬಸ್ ಕಂಡಕ್ಟರ್ ಆಗಿದ್ದೆ. ರಾಮನಗರದಿಂದ ಹೊರಟು ಮಾಗಡಿ ಹಾದು ಗುಡೇಮಾರನಹಳ್ಳಿಗೆ ಹೋಗುತ್ತಿದ್ದ ಖಾಸಗಿ ಬಸ್ಸು. ಒಳಗೆ ಕೋಳಿ, ಕುರಿಮರಿ, ಬೀಗರ ಜಗಳ. ಟಾಪಿನ ಮೇಲೆ ರಾಮನಗರದ ಮಾರ್ಕೆಟ್ಟಿಗೆ ಹೋಗುವ ರೇಷ್ಮೆಗೂಡಿನ ಮೂಟೆ. ಅಷ್ಟು ಗದ್ದಲದ ಮೇಲೂ ಕೇಳಿಸುವಂತೆ ಕೂಗಬೇಕಲ್ಲ, ಹಾಗಾಗಿ ನನ್ನ ಗಂಟಲಿಗೆ ಆ ರಸ್ತೆಯಲ್ಲೆಲ್ಲ ಹೆಸರಿತ್ತು. ನಾನು ‘ರೈಟ್’ ಅಂದರೆ ಹೊಲದಲ್ಲಿ ಉಳುತ್ತಿದ್ದ ಎತ್ತೂ ಹೆಜ್ಜೆ ಎತ್ತುತ್ತದೆ ಎಂದು ಡ್ರೈವರು ಚುಡಾಯಿಸುತ್ತಿದ್ದ.

ಒಂದು ದಿನ ಮೂಟೆ ಇಳಿಸುವಾಗ ಟಾಪಿನ ತುಕ್ಕು ಹಿಡಿದ ಸರಳು ಅಂಗೈಗೆ ಚುಚ್ಚಿತು. ರಕ್ತ ಬಂತು. ಗ್ರೀಸು ಮೆತ್ತಿ, ಬಟ್ಟೆ ಸುತ್ತಿ ಮುಂದಿನ ಟ್ರಿಪ್ಪಿಗೆ ಹೊರಟೆ. ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ಗಾಯ ಒಣಗಿಯೂ ಹೋಯಿತು. ಆಮೇಲೊಂದು ಬೆಳಿಗ್ಗೆ ‘ಮಾಗಡಿ, ಮಾಗಡಿ’ ಎಂದು ಕೂಗಲು ಬಾಯಿ ತೆಗೆದರೆ ಅರ್ಧ ಮಾತ್ರ ತೆರೆಯಿತು. ಚಳಿಗೆ ದವಡೆ ಹಿಡಿದುಕೊಂಡಿದೆ ಅಂದುಕೊಂಡೆ. ಸಂಜೆಗೆ ಮುದ್ದೆಯ ತುತ್ತು ಹಲ್ಲಿನ ನಡುವೆ ತೂರಲಿಲ್ಲ.

ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ನನ್ನ ಅಕ್ಕ. ಅವಳ ಬಾಯಿಯೂ ಕಡಿಮೆಯದಲ್ಲ. “ಸಾರು ಸರಿಯಾಗಿಲ್ಲಾಂದ್ರೆ ಬಾಯ್ಬುಟ್ಟು ಹೇಳು. ಇಂಗೆ ಮುಸುಡಿ ಬಿಗಿದ್ಕೊಂಡು ಕುಂತ್ರೆ ನಂಗೇನ್ ಗೊತ್ತಾಯ್ತದೆ?” ಎಂದು ಬೈದಳು. ನಾನು ಮುನಿಸಿಕೊಂಡಿದ್ದೇನೆ ಅಂತ ಅವಳ ಲೆಕ್ಕ. ಕತ್ತು ಹಿಂದಕ್ಕೆ ಸೆಟೆಯತೊಡಗಿದಾಗ ಅವಳ ಬೈಗುಳ ನಿಂತಿತು.

ರಾಮನಗರದ ಆಸ್ಪತ್ರೆಯ ಡಾಕ್ಟರು ಚಪ್ಪಟೆಯ ಕಡ್ಡಿಯೊಂದನ್ನು ಹಲ್ಲಿನ ಸಂದಿಯಲ್ಲಿ ತೂರಿಸಿ ಗಂಟಲು ಮುಟ್ಟಿದರು. ಹಲ್ಲು ಅದನ್ನು ಕಚ್ಚಿ ಹಿಡಿಯಿತು. ನಾನು ಕಚ್ಚಲಿಲ್ಲ, ಹಲ್ಲೇ ಕಚ್ಚಿತು. ಬಿಡು ಎಂದರೆ ಬಿಡಲಾಗಲಿಲ್ಲ. ನನ್ನ ಬಾಯಿ ನನ್ನ ಮಾತು ಕೇಳುತ್ತಿಲ್ಲ ಎಂದು ತಿಳಿದದ್ದು ಆಗಲೇ.

“ಧನುರ್ವಾಯು,” ಎಂದು ಡಾಕ್ಟರು ಅಕ್ಕನಿಗೆ ಹೇಳಿದರು. ಬಾಯಿ ಹೋದವನಿಗೆ ಕಿವಿಯೂ ಹೋಗಿದೆ ಎಂದುಕೊಂಡರೋ ಏನೋ, ನನ್ನ ಎದುರಿಗೇ ಎಲ್ಲವನ್ನೂ ಹೇಳಿಬಿಟ್ಟರು. ಬೆಂಗಳೂರಿಗೆ ಕಳಿಸಬೇಕಾದ ರೋಗಿ, ಆದರೆ ದಾರಿಯ ಕುಲುಕಾಟಕ್ಕೇ ಪ್ರಾಣ ಹೋಗಬಹುದು. ಇಲ್ಲೇ ಇಂಜೆಕ್ಷನ್ ಕೊಟ್ಟು ನೋಡೋಣ. ಬೆಳಕು ತಾಕಬಾರದು, ಯಾರೂ ಮುಟ್ಟಬಾರದು, ಮುಖ್ಯವಾಗಿ ಸದ್ದಾಗಬಾರದು. ಸದ್ದಾದರೆ ಸೆಳೆತ ಬರುತ್ತದೆ. ದೊಡ್ಡ ಸೆಳೆತ ಬಂದರೆ ಎದೆ ಬಿಗಿದು ಉಸಿರು ನಿಲ್ಲುತ್ತದೆ. ಒಂದು ವಾರ, ಹತ್ತು ದಿನ ಹೀಗೇ ದಾಟಿಸಿದರೆ ಬದುಕುತ್ತಾನೆ.

ಸದ್ದಾಗಬಾರದು ಅಂದರು. ಆದರೆ ಆ ಆಸ್ಪತ್ರೆಯಲ್ಲಿ ಬೇರೆ ಕೋಣೆ ಇರಲಿಲ್ಲ. ಇದ್ದದ್ದು ಒಂದೇ ಉದ್ದನೆಯ ಹಾಲ್. ಹೆಂಗಸರ ವಾರ್ಡಿನ ಸೂರು ಸೋರುತ್ತಿದೆ ಎಂದು ಅವರ ಮಂಚಗಳನ್ನೂ ನಮ್ಮ ಕಡೆಯೇ ಹಾಕಿದ್ದರು. ಕೊನೆಯ ಮೂಲೆಯಲ್ಲಿ ಹಗ್ಗ ಕಟ್ಟಿ, ಕಪ್ಪು ಬಟ್ಟೆ ಇಳಿಬಿಟ್ಟು, ಅದರೊಳಗೆ ನನ್ನನ್ನು ಮಲಗಿಸಿದರು. ಮೂಗಿಗೆ ಕೊಳವೆ, ಕಿವಿಗೆ ಹತ್ತಿ. ಅಷ್ಟೇ ಅವರ ಕೈಲಾದದ್ದು.

ಆ ಸೆಳೆತ ಹೇಗಿರುತ್ತದೆ ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೈಯಲ್ಲಿರುವ ನರವೆಲ್ಲ ಒಟ್ಟಿಗೆ ಬಿಗಿಯುತ್ತದೆ. ತಲೆ, ಹಿಮ್ಮಡಿ ಮಾತ್ರ ಹಾಸಿಗೆಗೆ ತಾಕಿ ಬೆನ್ನು ಮೇಲೇಳುತ್ತದೆ. ತುಟಿ ಎರಡೂ ಕಡೆಗೆ ಎಳೆದುಕೊಂಡು ನಕ್ಕ ಹಾಗೆ ಆಗುತ್ತದೆ. ಎದೆ ಕಲ್ಲಾಗಿ, ಉಸಿರು ಎಳೆಯೋಣವೆಂದರೆ ಒಳಕ್ಕೂ ಹೋಗದು, ಹೊರಕ್ಕೂ ಬಾರದು. ಇಷ್ಟಾದರೂ ಪ್ರಜ್ಞೆ ತಪ್ಪುವುದಿಲ್ಲ. ತಪ್ಪಿದ್ದರೆ ಪುಣ್ಯವಾಗುತ್ತಿತ್ತು. ಮಂಪರಿನ ಇಂಜೆಕ್ಷನ್ ಹಾಕಿದ್ದರೂ ನನಗೆ ಎಲ್ಲವೂ ಗೊತ್ತಾಗುತ್ತಿತ್ತು, ಇದು ಬಿಡುತ್ತದೋ ಇಲ್ಲವೋ ಎಂಬ ಯೋಚನೆಯೂ ಸೇರಿ. ಬಿಟ್ಟ ಮೇಲೆ ಮುಂದಿನದನ್ನು ಕಾಯುವುದು. ನೋವಿಗಿಂತ ಆ ಕಾಯುವಿಕೆಗೇ ನಾನು ಹೆದರಿಹೋಗಿದ್ದೆ.

ಒಂದೇ ಸಮನೆ ಬರುವ ಸದ್ದಿನಿಂದ ಅಂಥ ತೊಂದರೆ ಇರಲಿಲ್ಲ. ಹೊರಗೆ ಮಳೆ ಸುರಿದರೂ ತಡೆದುಕೊಳ್ಳುತ್ತಿದ್ದೆ. ಕೊಲ್ಲುತ್ತಿದ್ದದ್ದು ಥಟ್ಟನೆ ಬರುವ ಸದ್ದು. ಬಕೆಟ್ಟಿನ ಹಿಡಿ ಬಿದ್ದದ್ದು, ಯಾರೋ ಸೀನಿದ್ದು, ಬಾಗಿಲು ಬಡಿದದ್ದು. ಬರುವ ಮುಂಚೆ ಗೊತ್ತಾಗಲಿ ಎಂದು ನಾನು ಸದಾ ಕಿವಿಗೊಟ್ಟೇ ಇರುತ್ತಿದ್ದೆ. ಕಿವಿಯಲ್ಲಿ ಹತ್ತಿ ಇಟ್ಟರೆ ಏನು ಬಂತು, ಹೆದರಿದವನ ಕಿವಿ ಹತ್ತಿಯೊಳಗಿಂದಲೂ ಕೇಳುತ್ತದೆ.

ಮೊದಲ ದಿನ ಹೇಗೋ ಕಳೆಯಿತು. ಮರುದಿನ ಪಕ್ಕದ ಹಾಸಿಗೆಗೆ ಅವರು ಬಂದರು.

ಬಂದದ್ದು ಒಬ್ಬಳೇ ರೋಗಿ, ಉಬ್ಬಸದ ಮುದುಕಿ. ಮಾಗಡಿಯಲ್ಲಿ ತೋರಿಸಿ, ಅಲ್ಲಿ ಆಗುವುದಿಲ್ಲವೆಂದು ಇಲ್ಲಿಗೆ ತಂದಿದ್ದರು. ಜೊತೆಗೆ ಮಗ, ಸೊಸೆ, ಹೆಣ್ಣುಮಕ್ಕಳು, ಹಿಂದಿನಿಂದ ಇಡೀ ಬಳಗ. ನಮ್ಮ ಜನಕ್ಕೆ ಆಸ್ಪತ್ರೆ ಅಂದರೆ ನೆಂಟರ ಮನೆ. ಪಾತ್ರೆ ಇಳಿಸಿದ ಸದ್ದು, ಟ್ರಂಕು ಎಳೆದ ಸದ್ದು, ಕಬ್ಬಿಣದ ಮಂಚವನ್ನು ಗೋಡೆಗೆ ಸರಿಸಿದ ಕಿರ್ರೆನ್ನುವ ಸದ್ದು. ಪ್ರತಿಯೊಂದಕ್ಕೂ ನಾನು ಬಿಲ್ಲಾದೆ. ಕಡೆಗೆ ಯಾರದೋ ಕೈಯಿಂದ ಲೋಟ ಜಾರಿ ನೆಲಕ್ಕೆ ಬಿದ್ದು ಉರುಳುತ್ತಾ ಉರುಳುತ್ತಾ ನನ್ನ ಮಂಚದ ಕೆಳಗೇ ಬಂತು. ಆ ಸೆಳೆತ ಬಿಡಲೇ ಇಲ್ಲ. ನರ್ಸಮ್ಮ ಓಡಿ ಬಂದು ಸೂಜಿ ಹಾಕಿದ್ದು ನೆನಪಿದೆ. ಅದು ಬಿಟ್ಟಾಗ ಅಕ್ಕ ನನ್ನ ಮೂಗಿನ ಬಳಿ ಬೆರಳಿಟ್ಟು ನೋಡುತ್ತಿದ್ದಳು.

ಅಕ್ಕ ಬಟ್ಟೆ ಸರಿಸಿಕೊಂಡು ಆಚೆ ಹೋದಳು. “ಏನ್ರಮ್ಮ, ಮನುಷ್ರೇನ್ರಮ್ಮಾ ನೀವು? ಇಲ್ಲೊಬ್ಬ ಸಾಯ್ತಾ ಬಿದ್ದವ್ನೆ, ನೀವು ಜಾತ್ರೆ ಮಾಡ್ತಾ ಇದ್ದೀರಾ?”

“ಬೇಕೂಂತ ಬುಟ್ವೇನವ್ವಾ ಲೋಟವಾ? ಜಾರ್ತು,” ಎಂದು ಒಂದು ಹೆಣ್ಣು ದನಿ ಹೇಳಿತು. “ಆಸ್ಪತ್ರೆಯೇನ್ ನಿಮ್ಮಪ್ಪಂದಾ?”

“ನಿಮ್ಮಪ್ಪಂದಾ ಮತ್ತೆ?”

ನನಗೆ ಅವರ ಲೋಟಕ್ಕಿಂತ ಅಕ್ಕನ ಜಗಳವೇ ಹೆಚ್ಚು ಜೋರಾಗಿ ಕೇಳುತ್ತಿತ್ತು. ಸುಮ್ಮನಿರಿ ಎಂದು ಅವಳು ಕಿರುಚಿದಾಗಲೆಲ್ಲ ನನ್ನ ಕಾಲು ಸೆಟೆಯುತ್ತಿತ್ತು. ಸಾಕು ಬಾರೇ ಎನ್ನಲು ನನಗೆ ಬಾಯಿ ಎಲ್ಲಿತ್ತು? ನನ್ನ ಬೆರಳು ಮಾತ್ರ ಹಾಸಿಗೆಯನ್ನು ಕೆರೆಯಿತು, ಅದು ಯಾರಿಗೂ ಕಾಣಲಿಲ್ಲ.

ನರ್ಸಮ್ಮ ಬಂದು ಗದರಿದರೆ “ಆಯ್ತು ಕಣವ್ವಾ, ಇನ್ಮೇಲೆ ಉಸ್ರೆತ್ತಾಕಿಲ್ಲ” ಎನ್ನುತ್ತಿದ್ದರು. ನರ್ಸಮ್ಮ ಬೆನ್ನು ತಿರುಗಿಸಿದ ಮೇಲೆ ಮಗ ಎಲೆಅಡಿಕೆ ಕುಟ್ಟುವನು. ಸೊಸೆ ಅಡಿಗೆ ಪಾತ್ರೆಯ ತಳ ಕೆರೆಯುವಳು. ಗಂಡಸರು ಗೂಡಿನ ಧಾರಣೆ ಮಾತಾಡುತ್ತಾ “ಏನ್ಲಾ, ಅಂಗಾದ್ರೆ ನೀನು ಮಾರಿದ್ದೆಷ್ಟಕ್ಲಾ?” ಎಂದು ಕೂಗುವರು. ಒಬ್ಬ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: “ಸದ್ದಿಗೆ ಸಾಯೋ ಗಂಡಸ್ನ ನಾನೆಲ್ಲೂ ಕಂಡಿಲ್ಲ ಕಣ್ಲಾ.” ಉಳಿದವರು ನಕ್ಕರು. ಆ ನಗುವಿಗೂ ನನಗೆ ಸೆಳೆತ ಬಂತು.

ಇದೆಲ್ಲದಕ್ಕಿಂತ ದೊಡ್ಡ ಕಾಟ ಅವರನ್ನು ನೋಡಲು ಬರುವ ನೆಂಟರು. ನಮ್ಮ ಹಳ್ಳಿಗಳಲ್ಲಿ ಕಾಯಿಲೆಯವರನ್ನು ನೋಡಲು ಬಂದ ಹೆಂಗಸು ಬಾಗಿಲಲ್ಲೇ ಒಂದು ಸೊಲ್ಲು ಅಳಬೇಕು. ಅಳದೆ ಸೀದಾ ಬಂದು ಕೂತರೆ ಇವಳಿಗೆ ಕರುಳಿಲ್ಲ ಎನ್ನುತ್ತಾರೆ. ಹಾಗಾಗಿ ಒಬ್ಬೊಬ್ಬಳೂ ಹೊಸ್ತಿಲಲ್ಲಿ ನಿಂತು “ಅಯ್ಯೋ ನನ್ನವ್ವಾ” ಎಂದು ದನಿ ಎತ್ತುವಳು, ಒಳಗಿದ್ದವರು ಎದ್ದು ಹೋಗಿ ತಬ್ಬಿಕೊಂಡು ತಾವೂ ದನಿ ಸೇರಿಸುವರು. ಒಂದು ಗಳಿಗೆ ಅತ್ತು, ಮೂಗು ಒರೆಸಿಕೊಂಡು, “ಬಸ್ಸು ಸಿಕ್ತಾ?” ಎಂದು ಮಾತಿಗೆ ಕೂರುವರು. ಅವರಿಗೆ ಅದು ನಮಸ್ಕಾರ ಹೇಳಿದಷ್ಟೇ ಸಲೀಸು. ಮಾಗಡಿ ಕಡೆಯ ಬಸ್ಸು ಬಂದು ನಿಂತ ಸದ್ದು ಕೇಳಿದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ನನ್ನದೇ ಬಸ್ಸು ಅದು, ನನ್ನ ಜಾಗಕ್ಕೆ ಯಾರನ್ನೋ ಹಾಕಿಕೊಂಡು ನನ್ನನ್ನು ಕೊಲ್ಲುವವರನ್ನು ಹೊತ್ತು ತರುತ್ತಿತ್ತು.

ಹಾಗೆ ಅಳುವವರ ನಡುವೆ ಒಂದು ದನಿಯ ಗುರುತು ಹತ್ತಿತು. ಮುದುಕಿಯ ದೊಡ್ಡ ಮಗಳದು. ಅಕ್ಕನ ಜೊತೆ ಜಗಳಕ್ಕೆ ನಿಂತವಳೂ ಅವಳೇ. ಎಲ್ಲಿ ಕೇಳಿದ್ದೇನೆ ಎಂದು ಯೋಚಿಸುತ್ತಾ ಮಲಗಿದ್ದಾಗ ಹೊಳೆಯಿತು, ಬಸ್ಸಿನಲ್ಲಿ.

ಅದರ ಹಿಂದಿನ ಬೇಸಿಗೆಯಲ್ಲಿ ಗುಡೇಮಾರನಹಳ್ಳಿ ಗೇಟಿನಲ್ಲಿ ಒಂದು ಗುಂಪು ಹತ್ತಿತ್ತು, ಸಾವಿನ ಮನೆಗೆ ಹೊರಟವರು. ಅವರಲ್ಲಿ ದಪ್ಪನೆಯ ಒಬ್ಬಳು ಹೆಂಗಸು. ಸುತ್ತಲ ಹಳ್ಳಿಗಳಲ್ಲಿ ಯಾರು ಸತ್ತರೂ ಅವಳನ್ನು ಕರೆಯುತ್ತಾರೆ, ಅವಳು ಹಾಡಿ ಅತ್ತರೆ ಸತ್ತವರ ಋಣ ತೀರುತ್ತದೆ ಎಂದು ಡ್ರೈವರು ಹೇಳಿದ. ಸಾವಿನ ಮನೆ ಇನ್ನೂ ಒಂದು ಹರದಾರಿ ಇರುವಾಗಲೇ ಅವಳು ಕೂತಲ್ಲೇ ಶುರು ಮಾಡಿದಳು. ಮೊದಲು ಒಂದೇ ಒಂದು ಕೂಗು. ಮೈ ಜುಮ್ಮೆಂದಿತು. ಬಸ್ಸಿನ ಗದ್ದಲವೆಲ್ಲ ನಿಂತುಹೋಯಿತು, ಕೋಳಿಗಳು ಕೂಡ ಸುಮ್ಮನಾದವು. ಸತ್ತವನು ಯಾರೋ ನನಗೆ ಗೊತ್ತಿರಲಿಲ್ಲ, ಆದರೂ ಕಣ್ಣಲ್ಲಿ ನೀರು ಬಂದು ಟಿಕೆಟ್ ಹರಿಯುವುದನ್ನೇ ಮರೆತು ನಿಂತಿದ್ದೆ. ಯಾರದೋ ಸಾವಿಗೆ ಅಂಥ ಕೂಗು ಹಾಕಿದವಳು.

ಈಗ ನನ್ನ ಪಕ್ಕದ ಹಾಸಿಗೆಯಲ್ಲಿ ಸಾಯುತ್ತಿದ್ದದ್ದು ಅವಳ ಸ್ವಂತ ಅವ್ವ.

ಅದು ಹೊಳೆದ ಗಳಿಗೆಯಿಂದ ನನ್ನ ಭಯಕ್ಕೆ ಒಂದು ಮುಖ ಬಂತು. ಲೋಟಕ್ಕೆ, ಬಾಗಿಲಿಗೆ ಹೇಗೋ ಬದುಕಿ ಉಳಿದಿದ್ದೆ. ಬಟ್ಟೆಯೊಂದನ್ನು ಬಿಟ್ಟರೆ ಏನೂ ಅಡ್ಡವಿಲ್ಲದೆ, ಒಂದು ಮಾರು ದೂರದಲ್ಲಿ ಆ ಕೂಗು ಎದ್ದರೆ ನಾನು ಉಳಿಯುವುದಿಲ್ಲ. ಅದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಆ ಮುದುಕಿ ಸತ್ತರೆ ಅವಳ ಹಿಂದೆಯೇ ನಾನು.

ಅವಳ ಉಸಿರಿನಲ್ಲಿ ಮೊದಲೊಂದು ಸಿಳ್ಳು, ಅದರ ಹಿಂದೆ ಗೊರಗೊರ ಸದ್ದು. ಬಂದ ದಿನ ಅದನ್ನು ಕೇಳಿ ಸಿಟ್ಟಾಗಿದ್ದೆ. ಈಗ ಹಗಲೆಲ್ಲ ಅದನ್ನೇ ಕೇಳುತ್ತಾ ಮಲಗಿದೆ. ಸಿಳ್ಳು, ಗೊರಗೊರ. ಸಿಳ್ಳು, ಗೊರಗೊರ. ನಡುವೆ ಸ್ವಲ್ಪ ತಡವಾದರೆ ನನ್ನ ಎದೆಯೂ ಬಿಗಿಯುತ್ತಿತ್ತು. ಅವಳು ಸಾಯಬಾರದೆಂದು ನಾನು ಬೇಡಿಕೊಂಡಷ್ಟು ಅವಳು ಹೆತ್ತ ಮಕ್ಕಳೂ ಬೇಡಿಕೊಂಡಿರಲಿಕ್ಕಿಲ್ಲ. ಕಂಡ ಕಂಡ ದೇವರಿಗೆಲ್ಲ ಅವಳ ಹೆಸರಿನಲ್ಲಿ ಹರಕೆ ಹೊತ್ತೆ, ಅವಳ ಹೆಸರು ಗೊತ್ತಿಲ್ಲದೆಯೇ.

ಆಮೇಲಿನದು ಒಂದು ಛತ್ರಿಯಿಂದ ಆಯಿತು. ನೋಡಲು ಬಂದ ನೆಂಟನೊಬ್ಬ ನೆನೆದ ಛತ್ರಿಯನ್ನು ನನ್ನ ಮರೆಯ ಹಗ್ಗಕ್ಕೆ ತಗುಲಿಹಾಕಿದ. ಹಗ್ಗ ಕಳಚಿ, ಛತ್ರಿಯ ಸಮೇತ ಬಟ್ಟೆಯೆಲ್ಲ ದಪ್ಪೆಂದು ಬಿತ್ತು. ಕಿಟಕಿಯ ಬೆಳಕು ಸೀದಾ ಕಣ್ಣಿಗೆ ಹೊಡೆಯಿತು. ನಾನು ಎಲ್ಲರ ಎದುರಿಗೇ ಬೆನ್ನೆತ್ತಿ ಬಿಲ್ಲಾದೆ. ಎಳೆದ ತುಟಿ, ಕಿರಿದ ಹಲ್ಲು, ಬೆವರಿದ ಮೈ. ಅಷ್ಟು ದಿನ ಬಟ್ಟೆಯ ಹಿಂದೆ ಏನಾಗುತ್ತಿದೆ ಎಂದು ಅವರಲ್ಲಿ ಒಬ್ಬರೂ ನೋಡಿರಲಿಲ್ಲ.

ನರ್ಸಮ್ಮ ಓಡಿ ಬಂದು ಬಟ್ಟೆ ಕಟ್ಟಿ, ಸೂಜಿ ಹಾಕಿ ಹೋದರು. ಆಮೇಲೆ ಆ ದೊಡ್ಡ ಮಗಳ ದನಿ, ಮೆಲ್ಲಗೆ: “ಇವ್ನು ನಮ್ ಬಸ್ಸಿನ ಕಂಡಕ್ಟ್ರು ಅಲ್ವೇನವ್ವಾ?”

ಅಕ್ಕ ಈ ಸಲ ಜಗಳಕ್ಕೆ ಹೋಗಲಿಲ್ಲ. ಅವಳ ಶಕ್ತಿ ಮುಗಿದಿತ್ತು. ಅತ್ತುಬಿಟ್ಟಳು. “ಸದ್ದಾದ್ರೆ ಇಂಗಾಯ್ತದೆ ಕಣವ್ವಾ. ಇನ್ನೊಂದ್ ದಪ ಜೋರಾಗಿ ಬಂದ್ರೆ ಉಸ್ರು ನಿಂತೋಯ್ತದೆ ಅಂದವ್ರೆ. ನಂಗೆ ಇವ್ನ್ ಬುಟ್ರೆ ಯಾರೂ ಇಲ್ಲ.”

“ಅಂಗಂತ ಮೊದ್ಲೇ ಯೋಳ್ಬಾರ್ದಾ?” ಅಂದಳು ಆ ಹೆಂಗಸು. ಅಕ್ಕ ಮೊದಲಿನಿಂದಲೂ ಹೇಳಿದ್ದು ಅದನ್ನೇ. ಆದರೆ ಬೈದು ಹೇಳಿದ್ದಳು, ಅವರು ಬೈಗುಳವನ್ನಷ್ಟೇ ಕೇಳಿಸಿಕೊಂಡಿದ್ದರು. ಆ ಹೆಂಗಸು ತನಗೆ ತಾನೇ ಎಂಬಂತೆ, “ಹುಳ ಜ್ವರಕ್ಕೆ ಕುಂತಂಗೆ ಅನ್ನು,” ಅಂದಳು.

ರೇಷ್ಮೆಹುಳು ಸಾಕುವವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಆಗ ತಟ್ಟೆ ಅಲುಗಿಸುವಂತಿಲ್ಲ, ಹೊರಗಿನವರನ್ನು ಒಳಗೆ ಬಿಡುವಂತಿಲ್ಲ. ಅವರ ಮನೆಗಳಲ್ಲಂತೂ ಆ ದಿನಗಳಲ್ಲಿ ಜೋರು ಮಾತೂ ಇಲ್ಲ, ಹೆಜ್ಜೆಯನ್ನೂ ಒತ್ತಿ ಇಡುವುದಿಲ್ಲ. ಗುರುತಿಗೆ ಬಾಗಿಲಿಗೊಂದು ಬೇವಿನ ರೆಂಬೆ ಸಿಕ್ಕಿಸುತ್ತಾರೆ. ಅದನ್ನು ಕಂಡವರು ಹೊರಗಿನಿಂದಲೇ ಕೈಸನ್ನೆ ಮಾಡಿ ಹೋಗುತ್ತಾರೆ.

ಅವಳು ಎದ್ದು ಹೋಗಿ ಆಸ್ಪತ್ರೆಯ ಹಿಂದಿನ ಮರದಿಂದ ಬೇವು ಮುರಿದು ತಂದಳು. ಒಂದು ರೆಂಬೆಯನ್ನು ವಾರ್ಡಿನ ಬಾಗಿಲಿಗೂ ಒಂದನ್ನು ನನ್ನ ಬಟ್ಟೆಗೂ ಸಿಕ್ಕಿಸಿದಳು. ನರ್ಸಮ್ಮ ಇದೇನು ಎಂದು ಕೇಳಿದರೆ “ಇರ್ಲಿ ಬುಡಿ, ನಮ್ಮೋರ್ಗೆ ಇದು ತಿಳೀತದೆ” ಅಂದಳು.

ತಿಳಿಯಿತು ನೋಡಿ. ಡಾಕ್ಟರ ಮಾತು, ನರ್ಸಮ್ಮನ ಗದರಿಕೆ, ಅಕ್ಕನ ಬಾಯಿ ಯಾವುದಕ್ಕೂ ಬಗ್ಗದವರು ಒಂದು ಬೇವಿನ ರೆಂಬೆಗೆ ಬಗ್ಗಿದರು. ಅಳಲು ಬಾಯಿ ತೆರೆದು ಹೊಸ್ತಿಲಿಗೆ ಬಂದವರು ರೆಂಬೆ ಕಂಡು ಬಾಯಿ ಮುಚ್ಚಿಕೊಂಡರು. ಮೆಟ್ಟು ಹೊರಗೇ ಬಿಟ್ಟರು. ಮಗ ಅಡಿಕೆ ಕುಟ್ಟಲು ಮರದ ಕೆಳಗೆ ಹೋದ. ಸದ್ದಿಗೆ ಸಾಯುವ ಗಂಡಸನ್ನು ಕಂಡಿಲ್ಲವೆಂದವನು ಕೆಮ್ಮು ಬಂದರೆ ಹೊರಗೋಡುವುದು ನನಗೆ ಕೇಳುತ್ತಿತ್ತು. ಮನುಷ್ಯನಿಗೆ ಕೊಡದ ಮರ್ಯಾದೆಯನ್ನು ಹುಳಕ್ಕೆ ಕೊಡುತ್ತಾರಲ್ಲ ಎಂದು ಒಳಗೇ ಉರಿಯಿತು. ಆದರೆ ಉರಿದುಕೊಳ್ಳುವಷ್ಟು ಬಿಡುವು ನನಗೆ ಸಿಕ್ಕಿದ್ದೂ ಅವರಿಂದಲೇ.

ಒಂದು ಮಧ್ಯಾಹ್ನ ಮುದುಕಿ ಮಾತಾಡಿದಳು. “ಆಚೆ ಮೊಗ್ಗುಲಾಗೆ ಯಾರವ್ವಾ?”

“ಬಸ್ಸಿನ ಕಂಡಕ್ಟ್ರು ಕಣವ್ವಾ.”

“ಆ ಬಡ್ಕೊಳ್ಳೋನಾ?” ಉಸಿರು ಎಳೆದುಕೊಂಡಳು. “ಅವ್ನು ಇಷ್ಟ್ ಸುಮ್ಕಿದ್ದಾನಾ? ಪಾಪ, ಮನಿಕ್ಕೊಳ್ಲಿ. ಎಬ್ಬಿಸ್ಬೇಡಿ.”

ನಗು ಬಂತು. ನಗುವ ಹಾಗಿರಲಿಲ್ಲ. ಅವಳ ದನಿ ಕೇಳಿದ್ದು ಅದೊಂದೇ ಸಲ.

ಅದಾದ ಮೇಲೆ ಉಸಿರಿನ ನಡುವಿನ ತಡ ಹೆಚ್ಚಾಯಿತು. ಡಾಕ್ಟರು ಮಗನನ್ನು ಕರೆದು, ಇನ್ನು ನಮ್ಮ ಕೈಯಲ್ಲಿ ಏನಿಲ್ಲ, ಬೇಕಾದರೆ ಮನೆಗೆ ಕರೆದುಕೊಂಡು ಹೋಗಿ ಎಂದರು. ಕರೆದುಕೊಂಡು ಹೋಗಿ, ಹೋಗಿ ಎಂದು ನಾನು ಒಳಗೊಳಗೇ ಅರಚಿದೆ. ಸೊಸೆಗೆ ಹೋಗುವ ಮನಸ್ಸಿತ್ತು. ದೊಡ್ಡ ಮಗಳು ಒಪ್ಪಲಿಲ್ಲ. “ದಾರೀಲಿ ಬಸ್ಸಿನಾಗೆ ಪ್ರಾಣ ಹೋದ್ರೆ? ಬ್ಯಾಡ. ಇಲ್ಲೇ ನೆಮ್ದಿಯಾಗವ್ಳೆ.” ಅಲ್ಲಿಗೆ ಮಾತು ಮುಗಿಯಿತು.

ಬೇವು ಕಟ್ಟಿದ್ದರೂ ನನ್ನ ಭಯ ಹೋಗಲಿಲ್ಲ. ಮಾತು ತಗ್ಗಿಸುವುದು ಬೇರೆ, ಹೆತ್ತವಳು ಸತ್ತಾಗ ಬಾಯಿ ಕಟ್ಟುವುದು ಬೇರೆ. ಅದರಲ್ಲೂ ಅವಳು, ಊರವರ ಹೆಣಕ್ಕೆಲ್ಲ ಹಾಡಿ ಅತ್ತವಳು. ಹುಳು ಜ್ವರಕ್ಕೆ ಕೂತಿರುವಾಗ ಮನೆಯಲ್ಲೇ ಸಾವಾದರೆ ಏನು ಮಾಡುತ್ತಾರೆ? ನನಗೆ ಗೊತ್ತಿರಲಿಲ್ಲ. ಕೇಳೋಣವೆಂದರೆ ಬಾಯಿ ಇರಲಿಲ್ಲ.

ಊಟದ ಹೊತ್ತು ಮುಗಿದು ವಾರ್ಡು ತೂಕಡಿಸುತ್ತಿತ್ತು. ಸಿಳ್ಳು, ಗೊರಗೊರ. ತಡ. ಸಿಳ್ಳು. ತಡ. ಗೊರಗೊರ. ನಾನು ಅವಳ ಜೊತೆ ಉಸಿರು ಎಳೆಯುತ್ತಿದ್ದೆ. ಬಾ ಅವ್ವಾ, ಇನ್ನೊಂದು ಎಳಿ, ಇನ್ನೊಂದೇ ಒಂದು ಎಳಿ ಎನ್ನುತ್ತಿದ್ದೆ. ಸಿಳ್ಳು ಬಂತು. ಅದರ ಹಿಂದೆ ಬರಬೇಕಾದದ್ದು ಬರಲಿಲ್ಲ.

ಕಾದೆ. ಬರಲಿಲ್ಲ.

ಯಾರೋ ಎದ್ದು ಬಗ್ಗಿದ ಸೀರೆಯ ಸರಬರ. ಆಮೇಲೆ ಒಂದು ದೀರ್ಘವಾದ ಉಸಿರು ಒಳಕ್ಕೆ ಎಳೆದುಕೊಂಡ ಸದ್ದು. ಬಸ್ಸಿನಲ್ಲಿ ಆ ಕೂಗಿನ ಮುಂಚೆ ಕೇಳಿದ್ದು ಅದೇ ಸದ್ದು. ಅಕ್ಕ ನನ್ನ ತಲೆಯ ಬಳಿ ಕಲ್ಲಿನಂತೆ ನಿಂತಿದ್ದಳು. ನಾನು ಕಣ್ಣು ಬಿಗಿಯಾಗಿ ಮುಚ್ಚಿದೆ. ಮುಗಿಯಿತು, ಅವ್ವಾ, ಮುಗಿಯಿತು ಎಂದುಕೊಂಡೆ. ಅಂದದ್ದು ನನ್ನ ಅವ್ವನಿಗೋ ಆ ಅವ್ವನಿಗೋ ತಿಳಿಯದು.

ಕೂಗು ಬರಲಿಲ್ಲ.

ಏನೂ ಬರಲಿಲ್ಲ. ನನ್ನ ಕಿವಿಯೇ ಹೋಯಿತೇನೋ ಎಂದು ಹೆದರಿದೆ. ಕಿವಿ ಹೋಗಿರಲಿಲ್ಲ, ಕಿಟಕಿಯಾಚೆ ಕಾಗೆ ಕೂಗಿದ್ದು ಕೇಳಿತು. ಆದರೆ ಪಕ್ಕದಲ್ಲಿ ಬರಿಗಾಲಿನ ಹೆಜ್ಜೆಗಳು ಮಾತ್ರ, ಒತ್ತದೆ ಇಟ್ಟವು. ಬಂದ ದಿನ ಕಿರ್ರೆಂದು ಎಳೆದಿದ್ದ ಮಂಚದ ಬಳಿ ಎಷ್ಟೋ ಕೈಗಳು ಸೇರಿದ ಹಾಗಿತ್ತು. ಮಂಚ ಮಿಸುಕಲಿಲ್ಲ. ಬಳೆಯ ಸದ್ದೂ ಇರಲಿಲ್ಲ. ಹೆಂಗಸರೆಲ್ಲ ಬಳೆಗಳನ್ನು ಮೊಣಕೈಗೆ ಏರಿಸಿ ಸೆರಗಿನಲ್ಲಿ ಬಿಗಿದುಕೊಂಡಿದ್ದರು ಎಂದು ಅಕ್ಕ ಆಮೇಲೆ ಹೇಳಿದಳು. ದೊಡ್ಡ ಮಗಳು ಸೆರಗಿನ ಉಂಡೆಯನ್ನು ಬಾಯಿಗೆ ತುರುಕಿಕೊಂಡು ಹೆಣ ಹೊತ್ತವರ ಜೊತೆ ತಾಯಿಯ ಕಾಲು ಹಿಡಿದು ನಡೆದಳಂತೆ. ಕಣ್ಣು ಗುಡ್ಡೆ ಹೊರಗೆ ಬರುವ ಹಾಗಿತ್ತಂತೆ. ನನ್ನ ಬಟ್ಟೆಯ ಮುಂದೆ ಹಾದುಹೋಗುವಾಗ ಬೇವಿನ ರೆಂಬೆ ಅಲುಗದಂತೆ ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡಳಂತೆ.

ಬಹಳ ಹೊತ್ತಾಯಿತು ಎನ್ನಿಸಿತು. ಆಮೇಲೆ ಕಾಂಪೌಂಡು ದಾಟಿ, ರಸ್ತೆ ದಾಟಿ, ಎಲ್ಲೋ ದೂರದಿಂದ ಒಂದು ದನಿ ತೇಲಿ ಬಂತು. ಬೇರೆ ಯಾವುದೋ ಊರಿನಲ್ಲಿ ಯಾರೋ ಅಳುತ್ತಿರುವಂತೆ. ನನ್ನ ಕಾಲು ಸ್ವಲ್ಪ ಸೆಟೆದು, ಮತ್ತೆ ಸಡಿಲವಾಯಿತು. ಉಸಿರು ಹೋಗುತ್ತಿತ್ತು, ಬರುತ್ತಿತ್ತು. ಕಣ್ಣೀರು ಹರಿದು ಕಿವಿಯ ಹತ್ತಿಯನ್ನು ತೋಯಿಸಿತು. ಅಕ್ಕ ಅದನ್ನು ಒರೆಸಲೂ ಹೆದರಿ ಸುಮ್ಮನೆ ನೋಡುತ್ತಾ ನಿಂತಳು.

ನಾನು ಬದುಕಿದೆ. ದವಡೆ ಬಿಡಲು ಎಷ್ಟೋ ದಿನ ಹಿಡಿಯಿತು, ಮತ್ತೆ ಬಸ್ಸು ಹತ್ತಲು ಇನ್ನೂ ಎಷ್ಟೋ ದಿನ. ಹತ್ತಿದ ಮೇಲೂ ಮೊದಲಿನ ಹಾಗೆ ಕೂಗಲು ಧೈರ್ಯ ಬರಲಿಲ್ಲ. ಬಾಯಿ ಅಗಲಿಸಿದರೆ ಅದು ಹಾಗೇ ಹಿಡಿದುಕೊಂಡುಬಿಡುತ್ತದೆ ಎಂಬ ಭಯ. ಬಸ್ಸಿನ ತಗಡನ್ನು ಕೈಯಿಂದ ತಟ್ಟಿ ನಿಲ್ಲಿಸುತ್ತಿದ್ದೆ, ತಟ್ಟಿ ಹೊರಡಿಸುತ್ತಿದ್ದೆ. ನಮ್ಮ ಎತ್ತಿನ ಕೊರಳ ಗಂಟೆ ಬಿಚ್ಚಿದರು ಎಂದು ಡ್ರೈವರು ನಕ್ಕ.

ಒಂದು ದಿನ ಗುಡೇಮಾರನಹಳ್ಳಿ ಗೇಟಿನಲ್ಲಿ ಅವಳು ಹತ್ತಿದಳು. ಕಂಕುಳಲ್ಲಿ ಗಂಟು. ಬಾಗಿಲ ಪಕ್ಕದ ಸೀಟಿನಲ್ಲಿ ಕೂತು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಹೇಳಬೇಕೆಂದು ನಾನು ಎಷ್ಟೋ ಮಾತು ಕೂಡಿಟ್ಟಿದ್ದೆ.

ಅವಳೇ ಮೊದಲು ಮಾತಾಡಿದಳು. “ಊರೋರ್ಗೆಲ್ಲ ಅತ್ತೋಳು ಕಣಪ್ಪಾ ನಾನು. ಆವತ್ತು ರಸ್ತೆ ದಾಟೋವರ್ಗೂ ಬಾಯ್ ಕಟ್ಕೊಂಡೋದ್ನಾ, ಅಲ್ಲೋಗಿ ಬಾಯ್ ಬುಟ್ರೆ ಮೊದ್ಲುನೇ ಸೊಲ್ಲೇ ಮರ್ತೋಗಿತ್ತು. ಬರೀ ದನಿ ಬಂತು. ನಮ್ಮವ್ವಂಗೆ ಒಂದ್ ಸೊಲ್ಲೂ ಹಾಡ್ನಿಲ್ಲ.”

ನಾನು ಕಂಬಿ ಹಿಡಿದುಕೊಂಡು ನಿಂತಿದ್ದೆ. ಡ್ರೈವರು ಹಿಂದೆ ತಿರುಗಿ ಯಾಕೆ ತಡ ಎಂದು ನೋಡಿದ. ತಟ್ಟಲು ತಗಡಿಗೆ ಕೈ ಎತ್ತಿದೆ.

ಅವಳು ನನ್ನ ಕೈ ಹಿಡಿದು ಕೆಳಗಿಳಿಸಿದಳು. “ತಟ್ಬೇಡ. ಬಾಯಲ್ಲಿ ಕೂಗು. ಎಲ್ಲಿ, ಒಸಿ ಜೋರಾಗಿ ಕೂಗು, ಕೇಳಾನ.”

ಬಾಯಿ ಪೂರ್ತಿ ತೆರೆದು ಕೂಗಿದೆ.